ಗುಂಡು ಹಾರುವ ಮೊದಲೇ

ಬಿಜಿಎಂಐ ಎಂಬ ಮೊಬೈಲ್ ಶೂಟಿಂಗ್ ಆಟ ಆಡುವ ಯಾವ ಹುಡುಗನನ್ನು ಕೇಳಿದರೂ ಸೋಲಿಗೆ ಕಾರಣಗಳು ಮೂರೇ: ಪಿಂಗ್ ಏರಿತು, ಫೋನ್ ಬಿಸಿಯಾಗಿ ಹ್ಯಾಂಗ್ ಆಯಿತು, ಇಲ್ಲವೇ ಎದುರಿನವನು ಹ್ಯಾಕರ್. ನಿಟ್ಟೆಯ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಇರಲಿ, ಮಣಿಪಾಲದ ಪಿಜಿ ಇರಲಿ, ಕಾಪು ಪೇಟೆಯ ಅಂಗಡಿ ಜಗಲಿ ಇರಲಿ, ಈ ಪಟ್ಟಿ ಬದಲಾಗುವುದಿಲ್ಲ. ಮೂರೂ ಅಲ್ಲವೆಂದಾದರೆ ಕೊನೆಗೆ ಬರುವುದು ‘ನನ್ನ ಏಮ್ ಸರಿ ಇಲ್ಲ’ ಎಂಬ ಒಪ್ಪಿಗೆ. ಅದಕ್ಕೆ ಮದ್ದೂ ಸಿದ್ಧವಾಗಿದೆ: ಯೂಟ್ಯೂಬಿನಲ್ಲಿ ಹೆಸರು ಮಾಡಿದವರ ಸೆನ್ಸಿಟಿವಿಟಿ ಕೋಡ್ ತಂದು ಹಾಕಿಕೊಳ್ಳುವುದು, ಎರಡು ಬೆರಳಿನ ಆಟ ಬಿಟ್ಟು ನಾಲ್ಕು ಬೆರಳಿಗೆ ಹೋಗುವುದು, ರಾತ್ರಿ ಇನ್ನೆರಡು ತಾಸು ಹೆಚ್ಚು ಆಡುವುದು. ಇಷ್ಟೆಲ್ಲ ಮಾಡಿಯೂ ಒಂದೇ ಮಟ್ಟದಲ್ಲಿ ತಿಂಗಳುಗಟ್ಟಲೆ ನಿಂತುಬಿಟ್ಟವರು ಬೇಕಾದಷ್ಟು ಮಂದಿ. ಮದ್ದು ತಪ್ಪಿದ್ದಲ್ಲ, ರೋಗ ಗುರುತಿಸಿದ್ದೇ ತಪ್ಪು. ಇಂಥ ಆಟದಲ್ಲಿ ಇಬ್ಬರು ಎದುರುಬದುರಾಗುವ ಕಾಳಗಗಳಲ್ಲಿ ಹೆಚ್ಚಿನವು ಮೊದಲ ಗುಂಡು ಹಾರುವ ಮೊದಲೇ ತೀರ್ಮಾನವಾಗಿರುತ್ತವೆ. ಯಾರು ಯಾರನ್ನು ಮೊದಲು ಕಂಡರು, ಯಾರು ಎಲ್ಲಿ ನಿಂತಿದ್ದರು, ಆ ಕಾಳಗಕ್ಕೆ ಇಳಿಯುವ ಅಗತ್ಯವಾದರೂ ಇತ್ತೇ ಎಂಬ ಮೂರು ಪ್ರಶ್ನೆಗಳಲ್ಲಿ ಗೆಲುವಿನ ದೊಡ್ಡ ಪಾಲು ಅಡಗಿದೆ. ಬೆರಳಿನ ಅಭ್ಯಾಸ ಬೇಡವೆಂದು ಇದರ ಅರ್ಥವಲ್ಲ. ಅದಕ್ಕೆ ಎಷ್ಟು ಹೊತ್ತು ಕೊಡಬೇಕು, ಉಳಿದ ಹೊತ್ತು ಯಾವುದಕ್ಕೆ ಕೊಡಬೇಕು ಎನ್ನುವುದೇ ಇಲ್ಲಿನ ಚರ್ಚೆ.

ಈ ಬಗೆಯ ಆಟ ಹುಟ್ಟಿದ ಬಗೆಯನ್ನು ನೋಡಿದರೂ ಇದು ತಿಳಿಯುತ್ತದೆ. ಬ್ರೆಂಡನ್ ಗ್ರೀನ್ ಎಂಬಾತ ‘ಪ್ಲೇಯರ್‌ಅನ್‌ನೋನ್’ ಎಂಬ ಹೆಸರಿನಲ್ಲಿ, ‘ಡೇಝೀ’ ಎಂಬ ಬದುಕುಳಿಯುವ ಆಟದ ಮೇಲೆ ತನ್ನದೇ ಮಾರ್ಪಾಡು ಕಟ್ಟಿದ. ಅದೇ ಬೆಳೆದು 2017ರಲ್ಲಿ ದಕ್ಷಿಣ ಕೊರಿಯಾದ ಕಂಪನಿಯ ಮೂಲಕ ಪಬ್‌ಜಿಯಾಗಿ ಹೊರಬಂತು. 2020ರ ಸೆಪ್ಟೆಂಬರ್ 2ರಂದು ಭಾರತದಲ್ಲಿ ಪಬ್‌ಜಿ ಮೊಬೈಲ್‌ಗೆ ನಿಷೇಧ ಬಿತ್ತು. 2021ರ ಜುಲೈಯಲ್ಲಿ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. 2022ರ ಜುಲೈಯಲ್ಲಿ ಮತ್ತೆ ಆ್ಯಪ್ ಅಂಗಡಿಗಳಿಂದ ಮಾಯವಾಗಿ, 2023ರ ಮೇ ಕೊನೆಗೆ ಮತ್ತೆ ಬಂತು. ಇಷ್ಟು ಏಳುಬೀಳಿನ ನಡುವೆಯೂ ಆಟದ ಮೂಳೆ ಬದಲಾಗಿಲ್ಲ: ಬರಿಗೈಯಲ್ಲಿ ಇಳಿಯಬೇಕು, ಸಿಕ್ಕಿದ್ದನ್ನು ಹೆಕ್ಕಬೇಕು, ಕುಗ್ಗುತ್ತ ಬರುವ ವಲಯದೊಳಗೆ ಕೊನೆಯವರೆಗೂ ಉಳಿಯಬೇಕು. ಎರಾಂಗೆಲ್ ನಕ್ಷೆ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ. ಅದರಲ್ಲಿ ನೂರು ಮಂದಿ. ಸಮುದ್ರವನ್ನೂ ಸೇರಿಸಿ ಲೆಕ್ಕ ಹಾಕಿದರೆ ಆರಂಭದಲ್ಲಿ ತಲೆಗೆ ಸುಮಾರು 160 ಎಕರೆ; ಕಾರ್ಕಳ ತಾಲೂಕಿನಲ್ಲಿ ಭೂಮಸೂದೆಗೆ ಮೊದಲೂ ಇಷ್ಟು ಜಾಗ ಇದ್ದವರು ಕಡಿಮೆ. ಇಷ್ಟು ವಿಶಾಲವಾದ ಬಯಲಿನಲ್ಲಿ ಇಬ್ಬರು ಎದುರಾಗುವುದೆಂದರೆ, ಅವರಲ್ಲಿ ಒಬ್ಬನಾದರೂ ಹಾಗೆ ಆಗಲಿ ಎಂದು ನಡೆದುಬಂದಿದ್ದಾನೆ ಎಂದೇ ಅರ್ಥ. ಬಂದವನು ನೀವೋ ಅವನೋ ಎಂಬುದು ಮುಖ್ಯ.

ಬಂದೂಕಿನ ಲೆಕ್ಕದಿಂದಲೇ ಶುರುಮಾಡೋಣ, ಏಕೆಂದರೆ ಹಾಸ್ಟೆಲ್ ಚರ್ಚೆಗಳಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ‘ಎಂ416 ಮೇಲೋ ಎಕೆಎಂ ಮೇಲೋ’ ಎಂಬ ಪ್ರಶ್ನೆ. ಎಕೆಎಂನ ಒಂದು ಗುಂಡಿನ ಹೊಡೆತ ಸುಮಾರು 47, ಎಂ416ರದ್ದು ಸುಮಾರು 41. ಎರಡನೆಯ ಹಂತದ ವೆಸ್ಟ್ ಹೊಡೆತದ ಶೇ. 40ರಷ್ಟನ್ನು ತಡೆಯುತ್ತದೆ. ಆಗ ಮೊದಲನೆಯದು 28ಕ್ಕೆ, ಎರಡನೆಯದು 24–25ಕ್ಕೆ ಇಳಿಯುತ್ತದೆ. ಮೈಯ ಯಾವ ಭಾಗಕ್ಕೆ ತಗಲಿತು ಎಂಬ ಸೂಕ್ಷ್ಮವನ್ನು ಬದಿಗಿಟ್ಟರೆ, ನೂರು ಅಂಕದ ಆರೋಗ್ಯವನ್ನು ಮುಗಿಸಲು ಎಕೆಎಂಗೆ ನಾಲ್ಕು ಗುಂಡು ಬೇಕು, ಎಂ416ಗೆ ಐದು. ಎಕೆಎಂನಲ್ಲಿ ಗುಂಡಿನಿಂದ ಗುಂಡಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುತ್ತದೆ. ಎಂ416 ಅದಕ್ಕಿಂತ ಸ್ವಲ್ಪ ವೇಗ. ಎಲ್ಲ ಗುಂಡೂ ತಗಲಿದರೆ ಒಂದಕ್ಕೆ 0.30 ಸೆಕೆಂಡ್, ಇನ್ನೊಂದಕ್ಕೆ 0.34. ವ್ಯತ್ಯಾಸ 0.04 ಸೆಕೆಂಡ್, ಅಂದರೆ ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ. ಎಕೆಎಂನ ಒದೆತ ಹೆಚ್ಚಾದ್ದರಿಂದ ಒಂದೇ ಒಂದು ಗುಂಡು ತಪ್ಪಿದರೂ ಆ ಲಾಭ ಹೋಗಿ ಸಾಲ ಉಳಿಯುತ್ತದೆ. ಇನ್ನು ಎದುರಿನವನನ್ನು ನೀವು ಅರ್ಧ ಸೆಕೆಂಡ್ ಮೊದಲು ಕಂಡಿರಿ ಎಂದಿಟ್ಟುಕೊಳ್ಳಿ. ಆ ಅರ್ಧ ಸೆಕೆಂಡಿನಲ್ಲಿ ಎರಡರಲ್ಲಿ ಯಾವ ಬಂದೂಕಿನಿಂದಲಾದರೂ ಅವನನ್ನು ಪೂರ್ತಿಯಾಗಿ ಕೆಡವಬಹುದು. ಬಂದೂಕಿನ ಆಯ್ಕೆಯಿಂದ ಸಿಗುವ ಲಾಭದ ಹತ್ತು ಪಟ್ಟಿಗೂ ಮೀರಿದ್ದು ಮೊದಲು ಕಾಣುವುದರಿಂದ ಸಿಗುತ್ತದೆ. ಆಟದ ಹೊಸ ಆವೃತ್ತಿ ಬಂದಾಗ ಈ ಅಂಕಿಗಳು ಕೊಂಚ ಹಿಂದುಮುಂದಾಗುತ್ತವೆ. ಪ್ರಮಾಣ ಮಾತ್ರ ಹಾಗೇ ಇರುತ್ತದೆ.

ಹಾಗಾದರೆ ಮೊದಲು ಕಾಣುವುದನ್ನು ಕಲಿಯುವುದು ಹೇಗೆ? ಕಣ್ಣು ಚುರುಕಾಗಿದ್ದರೆ ಸಾಕು ಎಂಬುದು ಅರ್ಧ ಸತ್ಯ. ತೆರೆಯ ಮೇಲೆ ಏನೋ ಕಂಡು ಬೆರಳು ಅಲುಗಲು ಸಾಮಾನ್ಯ ಆರೋಗ್ಯವಂತನಿಗೆ ಸೆಕೆಂಡಿನ ಕಾಲುಭಾಗದಷ್ಟು ಹಿಡಿಯುತ್ತದೆ. ಇದನ್ನು ಅಭ್ಯಾಸದಿಂದ ಇಳಿಸಬಹುದಾದ ಮಿತಿ ಸಣ್ಣದು. ಆದರೆ 1952ರಲ್ಲಿ ಮನೋವಿಜ್ಞಾನಿ ವಿಲಿಯಂ ಹಿಕ್ ತೋರಿಸಿದ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಎದುರಿಗಿರುವ ಸಾಧ್ಯತೆಗಳು ಹೆಚ್ಚಿದಷ್ಟೂ ಪ್ರತಿಕ್ರಿಯೆ ನಿಧಾನವಾಗುತ್ತದೆ. ಶತ್ರು ಎಂಟು ದಿಕ್ಕಿನಿಂದ ಬರಬಹುದು ಎಂದು ಕಾಯುವವನಿಗಿಂತ, ಎರಡೇ ದಿಕ್ಕಿನಿಂದ ಬರಲು ಸಾಧ್ಯ ಎಂದು ತಿಳಿದಿರುವವನು ಅದೇ ಕಣ್ಣು, ಅದೇ ಬೆರಳಿನಲ್ಲಿ ಬೇಗ ಹೊಡೆಯುತ್ತಾನೆ. 1973ರಲ್ಲಿ ಚೇಸ್ ಮತ್ತು ಸೈಮನ್ ಚೆಸ್ ಆಟಗಾರರ ಮೇಲೆ ನಡೆಸಿದ ಪ್ರಯೋಗವೂ ಇದನ್ನೇ ಬೇರೆ ದಾರಿಯಿಂದ ಹೇಳುತ್ತದೆ. ನಿಜವಾದ ಆಟದ ನಡುವಿನ ಮಣೆಯನ್ನು ಐದು ಸೆಕೆಂಡ್ ತೋರಿಸಿದರೆ ನುರಿತ ಆಟಗಾರ ಬಹುತೇಕ ಕಾಯಿಗಳನ್ನು ಮತ್ತೆ ಜೋಡಿಸಿದ. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಅವನೂ ಹೊಸಬನೂ ಒಂದೇ. ಅವನ ಶಕ್ತಿ ಕಣ್ಣಿನಲ್ಲಿ ಇರಲಿಲ್ಲ, ಗುರುತಿನ ವಿನ್ಯಾಸಗಳಲ್ಲಿ ಇತ್ತು. ಬಿಜಿಎಂಐನಲ್ಲಿ ಆ ವಿನ್ಯಾಸಗಳೆಂದರೆ ಇವು: ತೆರೆದಿರುವ ಬಾಗಿಲು, ಅರ್ಧಕ್ಕೆ ಬಿಟ್ಟುಹೋದ ಲೂಟ್, ಯಾರೂ ಇಲ್ಲದ ಕಡೆ ನಿಂತಿರುವ ಗಾಡಿ, ವಲಯದ ಅಂಚಿನಿಂದ ಯಾವ ಹೊತ್ತಿಗೆ ಯಾವ ದಾರಿಯಲ್ಲಿ ಜನ ಓಡಿಬರುತ್ತಾರೆ ಎಂಬ ಅಂದಾಜು. ಇವನ್ನು ಓದಲು ಕಲಿತವನ ಕ್ರಾಸ್‌ಹೇರ್ ಶತ್ರು ಬರುವ ಮೊದಲೇ ಆ ಮೂಲೆಯಲ್ಲಿ, ತಲೆಯ ಎತ್ತರದಲ್ಲಿ ಕಾದಿರುತ್ತದೆ. ಹೊರಗಿನವರಿಗೆ ಅದು ‘ಸೂಪರ್ ಏಮ್’ ಆಗಿ ಕಾಣುತ್ತದೆ.

ಎರಾಂಗೆಲ್ ನಕ್ಷೆಯ ಪೊಚಿಂಕಿ ಪೇಟೆಯ ಒಂದು ಎರಡಂತಸ್ತಿನ ಮನೆಯನ್ನು ತೆಗೆದುಕೊಳ್ಳಿ. ನೀವು ಮಾಳಿಗೆಯಲ್ಲಿದ್ದೀರಿ, ಕೆಳಗೆ ಹೆಜ್ಜೆ ಸದ್ದು. ಹೊಸಬನು ಮಾಡುವ ಮೊದಲ ಕೆಲಸ ಮೆಟ್ಟಿಲಿನ ತುದಿಗೆ ಓಡಿಹೋಗಿ ಕೆಳಗೆ ಇಣುಕುವುದು. ಅವನ ಹೆಜ್ಜೆಯ ಸದ್ದೂ ಕೆಳಗಿನವನಿಗೆ ಕೇಳುತ್ತದೆ. ಫೋನಿನ ಮಿನಿಮ್ಯಾಪಿನಲ್ಲಿ ಹೆಜ್ಜೆ ಗುರುತು ಬೇರೆ ಮೂಡುತ್ತದೆ. ಅಲ್ಲಿಗೆ ಮಾಳಿಗೆಯ ಲಾಭವೆಲ್ಲ ಬಿಟ್ಟಿ ಹೋಯಿತು. ನುರಿತವನು ಅಲುಗುವುದಿಲ್ಲ. ಮೂರನೆಯವರ ನೋಟದ ಟಿಪಿಪಿ ಆಟದಲ್ಲಿ ಕ್ಯಾಮೆರಾ ನಿಮ್ಮ ಪಾತ್ರದ ಬೆನ್ನ ಹಿಂದೆ, ಬಲ ಹೆಗಲಿನ ಮೇಲಿರುತ್ತದೆ. ಹಾಗಾಗಿ ಗೋಡೆ ನಿಮ್ಮ ಎಡಕ್ಕೆ ಬರುವಂತೆ ನಿಂತರೆ ಮೈಯನ್ನು ಹೊರಹಾಕದೆಯೇ ಮೆಟ್ಟಿಲು ಕಾಣುತ್ತದೆ. ಬಲಬದಿಯಿಂದ ಇಣುಕಿ ಹೊಡೆದರೆ ಎದುರಿನವನಿಗೆ ಸಿಗುವ ಗುರಿ ತೀರ ಸಣ್ಣದು. ಗೋಡೆ ಬಲಕ್ಕಿದ್ದರೆ ಇದೇ ಲೆಕ್ಕ ತಿರುವುಮುರುವಾಗುತ್ತದೆ. ಅವನನ್ನು ಕಾಣಬೇಕಾದರೆ ನೀವು ಅರ್ಧ ಮೈ ತೋರಿಸಬೇಕು. ಮೆಟ್ಟಿಲು ಹತ್ತುವವನು ಮೊದಲು ಗ್ರೆನೇಡ್ ಎಸೆಯುತ್ತಾನೆ ಎಂಬುದನ್ನೂ ಗಣನೆಗೆ ತಂದು, ಹಿಂದೆ ಸರಿಯಲು ಒಂದು ಕೋಣೆಯೋ ಹಾರಲು ಒಂದು ಕಿಟಕಿಯೋ ಇರುವ ಜಾಗವನ್ನೇ ಆರಿಸಬೇಕು. ಓಡಿಹೋಗಲು ದಾರಿ ಇಲ್ಲದ ಮೂಲೆ ಎಷ್ಟೇ ಭದ್ರವಾಗಿ ಕಂಡರೂ ಅದು ಬೋನು. ನಾಲ್ಕೈದು ಹೆಜ್ಜೆಯ ಆಚೀಚೆಯಲ್ಲಿ ನಿರ್ಧಾರವಾಗುವ ಈ ಸಂಗತಿಗಳಲ್ಲಿ ಒಂದಕ್ಕೂ ಬೆರಳಿನ ವೇಗ ಬೇಕಿಲ್ಲ. ಬಯಲಿನಲ್ಲಾದರೂ ಇದೇ ತತ್ವ. ಎಕೆಎಂನ ಗುಂಡು ಸೆಕೆಂಡಿಗೆ ಸುಮಾರು 715 ಮೀಟರ್ ಹೋಗುತ್ತದೆ. 200 ಮೀಟರ್ ದೂರ ಮುಟ್ಟಲು 0.28 ಸೆಕೆಂಡ್. ಸೆಕೆಂಡಿಗೆ ಆರು ಮೀಟರ್ ಓಡುವವನು ಅಷ್ಟರಲ್ಲಿ ಸುಮಾರು 1.7 ಮೀಟರ್ ದಾಟಿರುತ್ತಾನೆ. ಅವನ ಎದೆಗೆ ಸರಿಯಾಗಿ ಗುರಿಯಿಟ್ಟವನ ಗುಂಡು ಅವನ ಬೆನ್ನ ಹಿಂದಿನ ಹುಲ್ಲಿಗೆ ಬೀಳುತ್ತದೆ. ಓಡುವವನಿಗೆ ಮುಂದಿನ ಮರ ಯಾವುದು ಎಂದು ನೋಡಿ, ಅವನು ಅಲ್ಲಿ ನಿಲ್ಲುವವರೆಗೆ ಕಾಯುವುದು ಎಷ್ಟೋ ಮೇಲು.

ಕಾಳಗಕ್ಕೆ ಇಳಿಯಬೇಕೋ ಬೇಡವೋ ಎಂಬ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು, ಮತ್ತು ಆಟಗಾರರು ಅತಿ ಕಡಿಮೆ ಯೋಚಿಸುವುದೂ ಅದರ ಬಗ್ಗೆಯೇ. ನಮ್ಮ ಕರಾವಳಿಯ ಹುಡುಗರಿಗೆ ಇದನ್ನು ಕಬಡ್ಡಿಯ ಮೂಲಕ ಹೇಳುವುದು ಸುಲಭ. ರೈಡರ್‌ಗೆ ಸಿಗುವುದು ಮೂವತ್ತು ಸೆಕೆಂಡ್. ಒಳ್ಳೆಯ ರೈಡರ್ ಪ್ರತಿ ಸಲವೂ ಅಂಕಕ್ಕೆ ಕೈಚಾಚುವುದಿಲ್ಲ, ಬಾಕ್ ಲೈನ್ ದಾಟಿ, ಎದುರಿನವರ ಕಾಲು ಯಾವ ಕಡೆ ಭಾರ ಹಾಕಿದೆ ಎಂದು ನೋಡಿ ಬರಿಗೈಯಲ್ಲಿ ಮರಳಿ ಬರುತ್ತಾನೆ. ಆ ಮರಳಿ ಬರುವ ಜಾಣತನ ಬಿಜಿಎಂಐಗೆ ಬಂದಾಗ ಏಕೋ ಮರೆತುಹೋಗುತ್ತದೆ. ಗುಂಡಿನ ಸದ್ದು ಸುತ್ತಲಿನ ಎಲ್ಲರಿಗೂ ಆಮಂತ್ರಣ. ನೀವು ಒಬ್ಬನನ್ನು ಕೆಡವಿ, ಅವನ ಪೆಟ್ಟಿಗೆ ತಡಕಾಡುವಾಗ ಮೂರನೆಯ ತಂಡ ಬಂದು ನಿಮ್ಮನ್ನೂ ನುಂಗುವುದು ದಿನಾ ನಡೆಯುವ ಕಥೆ. ಫಸ್ಟ್ ಏಡ್ ಕಿಟ್ ಹಾಕಿಕೊಳ್ಳಲು ಆರು ಸೆಕೆಂಡ್ ಬೇಕು, ಅದೂ ಆರೋಗ್ಯವನ್ನು ಎಪ್ಪತ್ತೈದರವರೆಗೆ ಮಾತ್ರ ಏರಿಸುತ್ತದೆ. ಹಾಗಾಗಿ ಗೆದ್ದ ಕಾಳಗವೂ ನಿಮ್ಮನ್ನು ಕೆಲವು ಕಾಲ ದುರ್ಬಲಗೊಳಿಸಿಯೇ ಬಿಡುತ್ತದೆ. ಇಳಿಯುವ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟು: ಗೆದ್ದರೆ ನನಗೆ ಸಿಗುವುದೇನು? ಹತ್ತು ಸೆಕೆಂಡಿನಲ್ಲಿ ಇದು ಮುಗಿಯುತ್ತದೆಯೇ? ಮುಗಿಯದಿದ್ದರೆ ಹಿಂದೆ ಸರಿಯಲು ಮರೆ ಇದೆಯೇ? ಮೂರಕ್ಕೂ ಉತ್ತರ ಚೆನ್ನಾಗಿಲ್ಲದಿದ್ದರೆ ಬೆರಳನ್ನು ಟ್ರಿಗರಿನಿಂದ ತೆಗೆಯುವುದೇ ಆ ಹೊತ್ತಿನ ಸರಿಯಾದ ಆಟ. ಇದು ಹೇಡಿತನ, ಇಡೀ ಪಂದ್ಯ ಹುಲ್ಲಿನಲ್ಲಿ ಮಲಗುವವನ ಆಟ ಎಂದು ಮೂಗು ಮುರಿಯುವವರಿದ್ದಾರೆ. ಬಿಜಿಎಂಐನ ದೊಡ್ಡ ಸ್ಪರ್ಧೆಗಳ ಅಂಕಪದ್ಧತಿ ಅವರಿಗೆ ಉತ್ತರ. ಅಲ್ಲಿ ಪಂದ್ಯ ಗೆದ್ದ ತಂಡಕ್ಕೆ 10 ಅಂಕ, ಎರಡನೆಯದಕ್ಕೆ 6, ಪ್ರತಿಯೊಂದು ಫಿನಿಶ್‌ಗೆ 1. ಇಳಿದ ಕೂಡಲೇ ನಾಲ್ವರನ್ನು ಮುಗಿಸಿ ತಾವೂ ಮುಗಿದುಹೋದ ತಂಡಕ್ಕೆ ನಾಲ್ಕೇ ಅಂಕ. ಮಲಗಿಯೇ ಇದ್ದು ಎರಡನೆಯ ಸ್ಥಾನಕ್ಕೆ ಬಂದವರಿಗೆ ಆರು. ಆದರೆ ಕೊನೆಯವರೆಗೂ ಉಳಿದು, ಆಯ್ದು ಹೊಡೆದು, ಎಂಟು ಫಿನಿಶ್ ಜತೆ ಗೆದ್ದವರಿಗೆ ಹದಿನೆಂಟು. ಮಲಗುವವನಿಗೂ ನುಗ್ಗುವವನಿಗೂ ಅಲ್ಲ, ಆರಿಸುವವನಿಗೆ ಆ ಪದ್ಧತಿ ಬಹುಮಾನ ಕೊಡುತ್ತದೆ.

ನಾಲ್ವರ ಸ್ಕ್ವಾಡ್‌ನಲ್ಲಿ ಆಡುವಾಗ ಇದೇ ಮಾತಿಗೆ ಇನ್ನೊಂದು ಮುಖವಿದೆ. ನಿಟ್ಟೆಯ ಹಾಸ್ಟೆಲಿನ ಒಂದು ಸ್ಕ್ವಾಡ್ ಎಂದರೆ ಒಬ್ಬ ತುಳುವ, ಒಬ್ಬ ಬೆಂಗಳೂರಿನವ, ಒಬ್ಬ ಮಲಯಾಳಿ, ಇನ್ನೊಬ್ಬ ಹಿಂದಿಯವ ಎಂಬಂತಿರುವುದೇ ಹೆಚ್ಚು. ಕಾಳಗ ಬಿಸಿಯಾದಾಗ ಒಬ್ಬ ‘ಮಿತ್ತ್ ಉಲ್ಲೆ, ಮಿತ್ತ್ ಉಲ್ಲೆ’ ಎಂದು ಕಿರುಚುತ್ತಾನೆ, ಇನ್ನೊಬ್ಬ ‘ಅಲ್ಲೇ ಮಗಾ, ಅಲ್ಲೇ’ ಎನ್ನುತ್ತಾನೆ; ಯಾವ ಮೇಲೆ, ಎಲ್ಲಿಯ ಅಲ್ಲೇ ಎಂದು ಉಳಿದವರಿಗೆ ತಿಳಿಯುವಷ್ಟರಲ್ಲಿ ಒಬ್ಬ ನಾಕ್ ಆಗಿರುತ್ತಾನೆ. ಭಾಷೆ ಯಾವುದಾದರೂ ಇರಲಿ, ಹೇಳುವ ಕ್ರಮ ಒಂದೇ ಇರಬೇಕು: ತೆರೆಯ ಮೇಲ್ಗಡೆಯ ದಿಕ್ಸೂಚಿಯ ಅಂಕಿ ಮೊದಲು, ಆಮೇಲೆ ಗುರುತಿನ ವಸ್ತು, ಆಮೇಲೆ ಎಷ್ಟು ಜನ. ‘240, ಬಂಡೆ, ಇಬ್ಬರು.’ ಅಷ್ಟೇ ಸಾಕು. ನಾಕ್ ಆದವನನ್ನು ಎಬ್ಬಿಸಲು ಹತ್ತು ಸೆಕೆಂಡ್ ಬೇಕು, ಎಬ್ಬಿಸುವವನೂ ಅಷ್ಟು ಹೊತ್ತು ಅಲುಗುವಂತಿಲ್ಲ. ಅಂದರೆ ಒಬ್ಬ ಬಿದ್ದರೆ ತಂಡ ನಾಲ್ಕರಿಂದ ಎರಡಕ್ಕೆ ಇಳಿಯುತ್ತದೆ. ಈ ಲೆಕ್ಕ ಎದುರಿನ ತಂಡಕ್ಕೂ ಅನ್ವಯಿಸುತ್ತದೆ. ಅವರಲ್ಲಿ ಒಬ್ಬ ಬಿದ್ದ ಕೂಡಲೇ ನುಗ್ಗುವ ಹೊತ್ತು ಬಂದಂತೆ. ಅವನನ್ನು ಪೂರ್ತಿ ಮುಗಿಸಲು ಗುಂಡು ಸುರಿಯುತ್ತ ಕೂತರೆ ಆ ಹೊತ್ತು ಕೈಜಾರುತ್ತದೆ. ಇಬ್ಬರಿಬ್ಬರು ಜೋಡಿಯಾಗಿ, ಒಬ್ಬ ಹೊಡೆತ ತಿಂದರೆ ಹೊಡೆದವನನ್ನು ಇನ್ನೊಬ್ಬ ಅದೇ ಗಳಿಗೆಯಲ್ಲಿ ಕೆಡವುವಷ್ಟು ಹತ್ತಿರ ನಿಲ್ಲುವುದು ಒಂದು ಅಭ್ಯಾಸ. ನಾಲ್ವರೂ ಒಂದೇ ಬಾಗಿಲಿನಲ್ಲಿ ನುಗ್ಗಿ ಒಂದೇ ಗ್ರೆನೇಡಿಗೆ ಬೀಳುವುದು ಇನ್ನೊಂದು ಅಭ್ಯಾಸ. ಎರಡನೆಯದು ಬೇಗ ಮೈಗೂಡುತ್ತದೆ.

ಇಷ್ಟು ಓದಿದವರು ಕೇಳುವ ಮೊದಲ ಪ್ರಶ್ನೆ ನ್ಯಾಯವಾದದ್ದೇ: ಜಾಗ ಸರಿ ಇದೆ, ಮೊದಲು ಕಂಡದ್ದೂ ನಾನೇ, ಆದರೂ ಗುಂಡು ತಗಲದಿದ್ದರೆ ಏನು ಪ್ರಯೋಜನ? ಪ್ರಯೋಜನವಿಲ್ಲ. ಒಂದು ಮಟ್ಟದ ಬೆರಳಿನ ಹಿಡಿತ ಬರದೆ ಉಳಿದ ಬುದ್ಧಿಯೆಲ್ಲ ವ್ಯರ್ಥ. ಆದರೆ ಆ ಮಟ್ಟಕ್ಕೆ ಬರಲು ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಕ್ರಮ ಸರಿಯಾಗಿದ್ದರೆ. ಕ್ರಮದ ಮೊದಲ ಮಾತು, ಸೆಟ್ಟಿಂಗ್ ಮುಟ್ಟದಿರುವುದು. ಬೇರೆಯವರ ಕೋಡ್ ಅವರ ಫೋನಿನ ಅಗಲ, ಅವರ ಹೆಬ್ಬೆರಳಿನ ಉದ್ದ, ಅವರ ಗೈರೊ ಅಭ್ಯಾಸಕ್ಕೆ ಹೊಂದಿಸಿದ್ದು. ಬೇಕಾದರೆ ಅದನ್ನು ಆರಂಭಕ್ಕೆ ಇಟ್ಟುಕೊಂಡು ನಿಮಗೆ ತಕ್ಕಂತೆ ತಿದ್ದಿಕೊಳ್ಳಿ, ಆಮೇಲೆ ಕನಿಷ್ಠ ಒಂದು ತಿಂಗಳು ಬದಲಿಸಬೇಡಿ. ವಾರಕ್ಕೊಮ್ಮೆ ಸೆನ್ಸಿಟಿವಿಟಿ ಬದಲಿಸುವವನ ಕೈ ಪ್ರತಿ ವಾರ ಒಂದನೇ ಕ್ಲಾಸಿಗೆ ಮರಳುತ್ತದೆ. ಗೈರೊಸ್ಕೋಪ್ ಬಳಸುವ ಮನಸ್ಸಿದ್ದರೆ ಮೊದಲು ಸ್ಕೋಪ್ ತೆರೆದಾಗ ಮಾತ್ರ ಇರಲಿ. ಬಂದೂಕಿನ ಒದೆತವನ್ನು ಮಣಿಕಟ್ಟು ಇಳಿಸುವುದರಿಂದ ಹೆಬ್ಬೆರಳಿಗೆ ಬಿಡುವು ಸಿಗುತ್ತದೆ. ಎರಡನೆಯ ಮಾತು, ಬೆರೆಸಿ ಅಭ್ಯಾಸ ಮಾಡುವುದು. ಟ್ರೇನಿಂಗ್ ಗ್ರೌಂಡಿನಲ್ಲಿ ಒಂದೇ ಗೋಡೆಗೆ ಒಂದೇ ಬಂದೂಕಿನಿಂದ ಮ್ಯಾಗಜಿನ್ ಮೇಲೆ ಮ್ಯಾಗಜಿನ್ ಸುರಿದರೆ ಅಲ್ಲಿ ಸ್ಪ್ರೇ ನೇರವಾಗುತ್ತದೆ, ಪಂದ್ಯದಲ್ಲಿ ಆಗುವುದಿಲ್ಲ. ಇದಕ್ಕೆ ಹಳೆಯ ಸಾಕ್ಷ್ಯವಿದೆ. 1979ರಲ್ಲಿ ಶೇ ಮತ್ತು ಮಾರ್ಗನ್ ಕೈಚಲನೆಯ ಕೆಲಸಗಳನ್ನು ಎರಡು ಗುಂಪಿಗೆ ಕಲಿಸಿದರು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದ ಗುಂಪು ಅಭ್ಯಾಸದ ಹೊತ್ತಿನಲ್ಲಿ ಮುಂದಿತ್ತು, ಎಲ್ಲವನ್ನೂ ಅದಲುಬದಲು ಮಾಡಿ ಕಲಿತ ಗುಂಪು ಆಮೇಲಿನ ಪರೀಕ್ಷೆಯಲ್ಲಿ ಮುಂದೆ ಬಂತು. ಹಾಗಾಗಿ ಎರಡು ನಿಮಿಷ ಹತ್ತಿರದ ಗುರಿ, ಮತ್ತೆ ದೂರದ್ದು, ನಡುವೆ ಬಂದೂಕು ಬದಲು, ಸ್ಕೋಪ್ ಬದಲು, ಕೂತು, ನಿಂತು, ಬಲಕ್ಕೆ ಇಣುಕಿ. ಅಭ್ಯಾಸ ಮಾಡುವಾಗ ಕೈ ಎಡವಬೇಕು. ಎಡವದಿದ್ದರೆ ನೀವು ಬಲ್ಲದ್ದನ್ನೇ ಮತ್ತೆ ಮಾಡುತ್ತಿದ್ದೀರಿ ಎಂದರ್ಥ. ಆಮೇಲೆ ವೇರ್‌ಹೌಸಿನ ಟಿಡಿಎಂ ಒಂದೆರಡು. ನಾಲ್ವರಿಗೆ ನಾಲ್ವರು, ನಲವತ್ತು ಕಿಲ್‌ಗೆ ಮುಗಿಯುವ ಆ ಆಟ ಕೈ ಬಿಸಿ ಮಾಡಿಕೊಳ್ಳಲು ಉತ್ತಮ. ಆದರೆ ಸತ್ತರೆ ಕೂಡಲೇ ಮರಳಿ ಹುಟ್ಟುವ ಆಟದಲ್ಲಿ ನಷ್ಟದ ಭಯವಿಲ್ಲ, ಹಿಂದೆ ಸರಿಯುವ ಪಾಠವೂ ಇಲ್ಲ. ಟಿಡಿಎಂನ ರಾಜರು ಎರಾಂಗೆಲ್‌ನಲ್ಲಿ ಬೇಗ ಸಾಯುವುದಕ್ಕೆ ಕಾರಣ ಬೇರೆ ಹುಡುಕಬೇಕಾಗಿಲ್ಲ.

ಎರಡನೆಯ ಆಕ್ಷೇಪ: ಪ್ರತಿ ಸಲವೂ ಜನ ತುಂಬಿದ ಕಡೆಗೇ ಹಾಟ್ ಡ್ರಾಪ್ ಇಳಿದರೆ ಹೆಚ್ಚು ಕಾಳಗ ಸಿಗುತ್ತದೆ, ಹೆಚ್ಚು ಕಾಳಗವೆಂದರೆ ಹೆಚ್ಚು ಕಲಿಕೆ. ಕಾಳಗ ಸಿಗುವುದು ನಿಜ, ಕಲಿಕೆ ತಾನಾಗಿ ಸಿಗುವುದಿಲ್ಲ. ಆಂಡರ್ಸ್ ಎರಿಕ್ಸನ್ ಮತ್ತು ಜತೆಗಾರರು ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಜನ ನೆನಪಿಟ್ಟುಕೊಂಡದ್ದು ಗಂಟೆಗಳ ಲೆಕ್ಕವನ್ನು ಮಾತ್ರ. ಅದರಲ್ಲಿ ಇನ್ನೂ ಎರಡು ಸಂಗತಿಗಳಿದ್ದವು: ಆ ಅಭ್ಯಾಸ ತಮ್ಮ ಕೊರತೆಯನ್ನು ಗುರುತಿಸಿ ಅದನ್ನೇ ತಿದ್ದುವ ಬಗೆಯದ್ದು, ಮತ್ತು ಮೇಲಿನ ಮಟ್ಟದವರು ಕೆಳಗಿನ ಮಟ್ಟದವರಿಗಿಂತ ಹೆಚ್ಚು ನಿದ್ದೆ ಮಾಡುತ್ತಿದ್ದರು. ಬಿಜಿಎಂಐಗೆ ಇದನ್ನು ಇಳಿಸುವುದಾದರೆ, ಪ್ರತಿ ಸಾವಿನ ಕೊನೆಯ ಇಪ್ಪತ್ತು ಸೆಕೆಂಡನ್ನು ಮತ್ತೆ ನೋಡಬೇಕು. ಆಟದಲ್ಲೇ ಇರುವ ಡೆತ್ ರಿಪ್ಲೇ ಎದುರಿನವನ ಕಣ್ಣಿನಿಂದ ನಿಮ್ಮನ್ನು ತೋರಿಸುತ್ತದೆ. ಅದನ್ನು ಹೆಚ್ಚಿನವರು ನೋಡುವುದು ಅವನು ಹ್ಯಾಕರ್ ಹೌದೋ ಅಲ್ಲವೋ ಎಂದು ಪತ್ತೆ ಮಾಡಲು. ನೋಡಬೇಕಾದದ್ದು ಅವನಿಗೆ ನೀವು ಯಾವಾಗ, ಯಾವುದರಿಂದ ಕಂಡಿರಿ ಎಂದು. ಒಂದು ಚಿಕ್ಕ ಪುಸ್ತಕದಲ್ಲಿ ಒಂದೆರಡು ಪದದಲ್ಲಿ ಕಾರಣ ಬರೆಯಿರಿ: ಕಾಣಲಿಲ್ಲ, ಮರೆ ಇರಲಿಲ್ಲ, ಬೇಡದ ಕಾಳಗ, ಮೂರನೆಯ ತಂಡ, ಏಮ್, ನೆಟ್‌ವರ್ಕ್. ವಾರದ ಕೊನೆಗೆ ಎಣಿಸಿದರೆ ಯಾವ ಕಾರಣ ಹೆಚ್ಚಿದೆಯೋ ಮುಂದಿನ ವಾರದ ಅಭ್ಯಾಸ ಅದರ ಮೇಲೆ. ‘ಏಮ್’ ಎಂಬುದೇ ನಿಜವಾಗಿ ಮೊದಲ ಸ್ಥಾನಕ್ಕೆ ಬಂದರೆ ಈ ಲೇಖನವನ್ನು ಬದಿಗಿಟ್ಟು ಟ್ರೇನಿಂಗ್ ಗ್ರೌಂಡಿಗೆ ಹೋಗಿ. ಬರವಣಿಗೆ ಪ್ರಾಮಾಣಿಕವಾಗಿದ್ದರೆ ಹಾಗಾಗುವುದು ಅಪರೂಪ.

ಕೆಲವರಿಗೆ ಇದು ಹುಟ್ಟಿನಿಂದಲೇ ಬರುತ್ತದೆ, ನಮಗೆ ಬರುವುದಿಲ್ಲ ಎಂಬ ಮಾತೂ ಇದೆ. ಅದನ್ನು ಪೂರ್ತಿ ತಳ್ಳಿಹಾಕಲಾಗದು. 2014ರಲ್ಲಿ ಮ್ಯಾಕ್‌ನಮಾರಾ ಮತ್ತು ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಟಗಳಲ್ಲಿ ಜನರ ನಡುವಿನ ಸಾಮರ್ಥ್ಯದ ವ್ಯತ್ಯಾಸದಲ್ಲಿ ಉದ್ದೇಶಪೂರ್ವಕ ಅಭ್ಯಾಸದಿಂದ ವಿವರಿಸಲು ಸಾಧ್ಯವಾದದ್ದು ಶೇ. 26. ಉಳಿದದ್ದು ಬೇರೆ ಕಾರಣಗಳಿಗೆ ಸೇರಿದ್ದು. ಆದರೆ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಗ್ರೀನ್ ಮತ್ತು ಬವೇಲಿಯರ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗವನ್ನೂ ನೋಡಬೇಕು: ಇಂಥ ಆಟವನ್ನೇ ಆಡದವರಿಗೆ ದಿನಕ್ಕೊಂದು ಗಂಟೆಯಂತೆ ಹತ್ತು ದಿನ ಶೂಟಿಂಗ್ ಆಟ ಆಡಿಸಿದಾಗ, ಟೆಟ್ರಿಸ್ ಆಡಿದವರಿಗಿಂತ ಅವರ ದೃಷ್ಟಿಯ ಗಮನ ಹೆಚ್ಚು ಸುಧಾರಿಸಿತ್ತು. ದೇಶದ ಮೊದಲ ಹದಿನಾರು ತಂಡಗಳಲ್ಲಿ ಜಾಗ ಹಿಡಿಯಲು ಹುಟ್ಟುಗುಣ ಬೇಕಿರಬಹುದು. ಕಾಲೇಜು ಹಬ್ಬದ ಸ್ಪರ್ಧೆಯಲ್ಲಿ ಮೊದಲ ಸುತ್ತು ದಾಟಲು ಬೇಕಾಗಿಲ್ಲ.

ಫೋನು ಮತ್ತು ನೆಟ್‌ವರ್ಕಿನ ದೂರು ಮಾತ್ರ ನಮ್ಮ ಕಡೆ ಬರೀ ನೆಪವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಕಳದ ಸುತ್ತ ಮಳೆ ಹಿಡಿದರೆ ಕರೆಂಟು ಹೋಗುವುದು, ಟವರಿನ ಸಿಗ್ನಲ್ ತೂಗಾಡುವುದು ಎಲ್ಲರಿಗೂ ಗೊತ್ತು. ಇಲ್ಲಿ ಗಮನಿಸಬೇಕಾದದ್ದು ಪಿಂಗ್ ಎಷ್ಟು ಎಂಬುದಕ್ಕಿಂತ ಅದು ಎಷ್ಟು ಕುಣಿಯುತ್ತದೆ ಎಂಬುದನ್ನು. ನಿಂತಲ್ಲೇ ನಿಂತ 80 ಮಿಲಿಸೆಕೆಂಡಿಗೆ ಕೈ ಹೊಂದಿಕೊಳ್ಳುತ್ತದೆ. 40ರಿಂದ 200ಕ್ಕೆ ಹಾರುತ್ತ ಇರುವುದಕ್ಕೆ ಯಾರೂ ಹೊಂದಿಕೊಳ್ಳಲಾರರು. ನೀವು ತೆರೆಯ ಮೇಲೆ ಕಾಣುವ ಶತ್ರು ಆ ಪಿಂಗಿನಷ್ಟು ಹಳೆಯ ಚಿತ್ರ. ಆದ್ದರಿಂದ ಮೂಲೆಯ ಮರೆಯಿಂದ ಹೊರಬರುವವನು, ಅಲ್ಲಿ ಕಾದು ಕೂತವನಿಗಿಂತ ಒಂದು ಕೂದಲೆಳೆ ಮೊದಲು ನೋಡುತ್ತಾನೆ. ಪಿಂಗ್ ಏರಿದ ರಾತ್ರಿ ಬಾಗಿಲಿಗೆ ಹತ್ತಿರ ಕಾದು ಕೂರುವುದು ಬಿಟ್ಟು ದೂರದ, ಅವನು ನಿರೀಕ್ಷಿಸದ ಕೋನಕ್ಕೆ ಸರಿಯಿರಿ. ಹತ್ತಿರದ ಕಾಳಗ ಆದಷ್ಟು ತಪ್ಪಿಸಿ. 60 ಫ್ರೇಮಿನ ಫೋನಿನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್, 90 ಫ್ರೇಮಿನದ್ದರಲ್ಲಿ 11.1. ಈ ಐದೂವರೆ ಮಿಲಿಸೆಕೆಂಡಿಗಾಗಿ ಹೊಸ ಫೋನಿಗೆ ಸಾಲ ಮಾಡುವ ಮೊದಲು, ಗ್ರಾಫಿಕ್ಸನ್ನು ‘ಸ್ಮೂತ್’ಗೆ ಇಳಿಸಿ ಫ್ರೇಮನ್ನು ಸ್ಥಿರಗೊಳಿಸಿ, ಚಾರ್ಜಿಗೆ ಹಾಕಿಕೊಂಡು ಆಡುವುದನ್ನು ಬಿಡಿ, ಅದರಿಂದ ಫೋನ್ ಇನ್ನಷ್ಟು ಬಿಸಿಯಾಗಿ ಮಂದವಾಗುತ್ತದೆ. ಖರ್ಚು ಮಾಡಲೇಬೇಕೆಂದಿದ್ದರೆ ಮೊದಲು ವಯರಿನ ಇಯರ್‌ಫೋನ್. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ಮತ್ತು ಈ ಆಟದಲ್ಲಿ ಕಿವಿ ಅರ್ಧ ಕಣ್ಣು.

ಮನೆಯವರ ಆಕ್ಷೇಪವನ್ನೂ ಮುಟ್ಟದೆ ಬಿಡುವಂತಿಲ್ಲ: ಇದಕ್ಕೆಲ್ಲ ಇಷ್ಟು ತಲೆ ಓಡಿಸಬೇಕೇ? ಆಡದಿರುವವನಿಗೆ ಬೇಕಾಗಿಲ್ಲ. ಹೇಗೂ ಆಡುವವನಿಗೆ ತಲೆ ಓಡಿಸುವುದರಿಂದ ಗಂಟೆಗಳು ಉಳಿಯುತ್ತವೆ. ಹೊತ್ತು ನುಂಗುವುದು ಗುರಿಯಿಲ್ಲದ ಹನ್ನೊಂದನೆಯ ಪಂದ್ಯ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ–ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ–ಸ್ಪೋರ್ಟ್ಸನ್ನು ಅದರಿಂದ ಬೇರೆಯಾಗಿ ಗುರುತಿಸಿತು. ಹಾಗಾಗಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಐವತ್ತು ರೂಪಾಯಿ ಕಟ್ಟಿಸಿಕೊಂಡು ಗೆದ್ದವರಿಗೆ ಹಂಚುವ ‘ರೂಮ್’ಗಳಿಂದ ದೂರ ಇರುವುದು ಒಳ್ಳೆಯದು, ಅದರಲ್ಲಿ ಕೌಶಲ ಬೆಳೆಯುವುದಕ್ಕಿಂತ ಜಗಳ ಬೆಳೆಯುವುದೇ ಹೆಚ್ಚು. ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯನ್ನು ಬಿಜಿಎಂಐ ತಾನೇ ಹಾಕಿದೆ. ಅಣ್ಣನ ಖಾತೆಯಿಂದ ಆ ಮಿತಿಯನ್ನು ದಾಟುವ ದಾರಿ ಎಲ್ಲ ಹುಡುಗರಿಗೂ ಗೊತ್ತು, ಆದರೆ ಮೂರನೆಯ ಗಂಟೆಯ ನಂತರ ದಣಿದ ಕಣ್ಣು ಕಲಿಯುವುದು ತಪ್ಪನ್ನೇ. ಇಂದು ರಾತ್ರಿ ಇಪ್ಪತ್ತು ನಿಮಿಷ ಟ್ರೇನಿಂಗ್, ಮೂರು ಪಂದ್ಯ, ಮೂರು ರಿಪ್ಲೇ, ಮೂರು ಕಾರಣ ಬರೆದು ಫೋನ್ ಕೆಳಗಿಡಿ. ಬೆಳಗ್ಗೆ ಎಂಟೂವರೆಯ ಕ್ಲಾಸಿಗೂ ಹೋಗಬೇಕಲ್ಲ.